ಚಳಿಗೆ ಬಿಸಿ ಬಿಸಿ ಸೂಪ್, ಮೇಲೆ ಏನು ಉದುರಿಸೋಣ? ಶೆಫ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಚಳಿ ಶುರುವಾದಾಗಿನಿಂದ ಗುಂಪಿನಲ್ಲಿ ಬರೀ ಸೂಪಿನದ್ದೇ ಮಾತು. ಅದಕ್ಕೆ ಇವತ್ತು ಶೆಫ್ ಮೇಡಂ ಅವರನ್ನು ಕರೆದಿದ್ದೇವೆ. ದೊಡ್ಡ ಅಡುಗೆಮನೆಗಳಲ್ಲಿ ಕೆಲಸ ಮಾಡಿದವರು, ಈಗ ಅಡುಗೆ ಮತ್ತು ಆಹಾರ ಸುರಕ್ಷತೆ ಕಲಿಸುತ್ತಾರೆ. ಕೇಳುವ ಮುಂಚೆ ಮೇಲಿನ ಉತ್ತರಗಳನ್ನು ಒಮ್ಮೆ ಓದಿ, ದಯವಿಟ್ಟು.

ರೇಖಾ: ನಮಸ್ತೆ ಮೇಡಂ. ಟೊಮೆಟೊ ಸೂಪಿಗೆ ಹಾಲು ಹಾಕಿದ ತಕ್ಷಣ ಒಡೆದು ತರಿತರಿಯಾಗುತ್ತೆ. ಏನು ಮಾಡಲಿ?

ಶೆಫ್ ಮೇಡಂ: ನಮಸ್ತೆ ರೇಖಾ. ಟೊಮೆಟೊ ಹುಳಿ, ಜೊತೆಗೆ ಜೋರು ಬಿಸಿ. ಎರಡೂ ಸೇರಿದರೆ ಹಾಲು ಒಡೆಯದೇ ಇರಲ್ಲ. ಹಾಲಿನ ಬದಲು ಗಟ್ಟಿ ಕ್ರೀಮ್ ತಗೊಳ್ಳಿ. ಕೊಬ್ಬು ಜಾಸ್ತಿ ಇದ್ದಷ್ಟೂ ಒಡೆಯುವುದು ಕಡಿಮೆ. ಒಲೆ ಆರಿಸಿ, ಕುದಿ ನಿಂತ ಮೇಲೆ ಹಾಕಿ. ಅದಕ್ಕೂ ಮುಂಚೆ ಕ್ರೀಮಿಗೆ ಎರಡು ಸೌಟು ಬಿಸಿ ಸೂಪ್ ಬೆರೆಸಿ ಬೆಚ್ಚಗೆ ಮಾಡಿಕೊಳ್ಳಿ, ಆಮೇಲೆ ಪಾತ್ರೆಗೆ ಸುರಿಯಿರಿ. ಕ್ರೀಮ್ ಬಿದ್ದ ಮೇಲೆ ಮತ್ತೆ ಕುದಿಸಬೇಡಿ. ಹಾಲೇ ಬೇಕು ಅಂದರೆ ಟೊಮೆಟೊ ಬೇಯುವಾಗ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ. ನೊರೆ ಬಂದು ಹುಳಿ ಇಳಿಯುತ್ತೆ. ಚಿಟಿಕೆಗಿಂತ ಜಾಸ್ತಿ ಬೇಡ, ಸೋಪಿನ ರುಚಿ ಬರುತ್ತೆ.

ಪ್ರಕಾಶ್: ಕಾರ್ನ್‌ಫ್ಲೋರ್ ಹಾಕಿದರೆ ಗಂಟು ಕಟ್ಟುತ್ತೆ ಮೇಡಂ.

ಶೆಫ್ ಮೇಡಂ: ತಣ್ಣೀರಿನಲ್ಲಿ ಕಲಸಿ, ಕುದಿಯುವ ಸೂಪಿಗೆ ತಿರುವುತ್ತಾ ಹಾಕಿ. ಒಂದು ನಿಮಿಷ ಕುದಿಸಿ. ಬೇಳೆ ಅಥವಾ ಆಲೂಗಡ್ಡೆ ಬೇಯಿಸಿ ಸೂಪಿನಲ್ಲೇ ಮಸೆದರೆ ಕಾರ್ನ್‌ಫ್ಲೋರ್ ಬೇಕೇ ಆಗಲ್ಲ, ರುಚಿಯೂ ಚೆನ್ನಾಗಿರುತ್ತೆ. ಆಲೂಗಡ್ಡೆಯನ್ನು ಮಾತ್ರ ಮಿಕ್ಸಿಗೆ ಹಾಕಬೇಡಿ. ಅಂಟಂಟಾಗುತ್ತೆ.

ನಾಗರತ್ನ: ಬ್ರೆಡ್ ಚೂರು ಹುರಿದು ಮೇಲೆ ಹಾಕುತ್ತೇನೆ. ಬಟ್ಟಲು ಮೇಜಿಗೆ ಬರುವಷ್ಟರಲ್ಲಿ ಮೆತ್ತಗಾಗಿರುತ್ತೆ.

ಶೆಫ್ ಮೇಡಂ: ತಾಜಾ ಬ್ರೆಡ್ ಬೇಡ, ಹಿಂದಿನ ದಿನದ್ದು ತಗೊಳ್ಳಿ. ಸುಮಾರು 2 ಸೆಂಟಿಮೀಟರಿನ ತುಂಡು ಮಾಡಿ, ಎಣ್ಣೆ ಎಲ್ಲ ಕಡೆ ಹತ್ತುವ ಹಾಗೆ ಕೈಯಲ್ಲೇ ಸವರಿ. ಓವನ್ನಿನಲ್ಲಿ 180 ಡಿಗ್ರಿಗೆ 10ರಿಂದ 12 ನಿಮಿಷ, ನಡುವೆ ಒಮ್ಮೆ ತಿರುವಿ. ಓವನ್ ಇಲ್ಲದಿದ್ದರೆ ದಪ್ಪ ತಳದ ಬಾಣಲೆ, ಸಣ್ಣ ಉರಿ, ತಾಳ್ಮೆ. ಒಂದನ್ನು ಮುರಿದು ನೋಡಿ. ಹೊರಗೆ ಕೆಂಪಾಗಿ ಒಳಗೆ ಇನ್ನೂ ಬಗ್ಗುತ್ತಿದ್ದರೆ ಆಗಿಲ್ಲ ಅಂತ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಒಲೆಯ ಹತ್ತಿರ ಸೂಪಿಗೆ ಹಾಕಬೇಡಿ, ಕುಡಿಯುವವರ ಮುಂದಿಟ್ಟು ಅವರೇ ಹಾಕಿಕೊಳ್ಳಲಿ.

ವಿನಯ್: ಏರ್ ಫ್ರೈಯರಿನಲ್ಲಿ ಈರುಳ್ಳಿ ಗರಿಗರಿ ಆಗುತ್ತಾ?

ಸವಿತಾ: ಮೇಡಂ, ಕ್ರೂಟಾನ್, ಅಂದರೆ ಹುರಿದ ಬ್ರೆಡ್ ಚೂರು, ಮೆತ್ತಗಾಗದಂತೆ ಏನು ಮಾಡಬೇಕು?

ಶೆಫ್ ಮೇಡಂ: ಸವಿತಾ, ಎರಡು ಕಾಮೆಂಟ್ ಮೇಲೆ ಇದೆ.

ಮಹೇಶ್: ಸೂಪಿಗೆ ಉಪ್ಪು ಜಾಸ್ತಿಯಾದರೆ ಒಂದು ಹಸಿ ಆಲೂಗಡ್ಡೆ ಹಾಕಿ, ಉಪ್ಪೆಲ್ಲ ಎಳೆದುಕೊಳ್ಳುತ್ತೆ. ಫಾರ್ವರ್ಡ್ ಬಂದಿತ್ತು, ಎಲ್ಲರಿಗೂ ಉಪಯೋಗವಾಗಲಿ.

ಶೆಫ್ ಮೇಡಂ: ಉಪಯೋಗವಿಲ್ಲ. ಆಲೂಗಡ್ಡೆ ಉಪ್ಪುನೀರು ಹೀರುತ್ತೆ, ಉಪ್ಪನ್ನು ಮಾತ್ರ ಹುಡುಕಿ ಹೀರಲ್ಲ. ಉಳಿದ ಸೂಪ್ ಅಷ್ಟೇ ಉಪ್ಪಾಗಿರುತ್ತೆ. ನೀರು ಸೇರಿಸಿ, ಇಲ್ಲವೇ ಉಪ್ಪಿಲ್ಲದೆ ಬೇಯಿಸಿದ ಬೇಳೆ, ತರಕಾರಿ ಸೇರಿಸಿ.

ಶೈಲಜಾ: ಮೇಡಂ, ನನ್ನದು ಟಾಪಿಂಗ್ ಬಗ್ಗೆ. ನೆಗಡಿಗೆ ಒಳ್ಳೆಯದು ಅಂತ ಒಂದು ಮೆಸೇಜ್ ಬಂದಿತ್ತು. ಹಸಿ ಬೆಳ್ಳುಳ್ಳಿ ಎಸಳು ಜಜ್ಜಿ, ಬೆಚ್ಚಗಿನ ಎಣ್ಣೆಯಲ್ಲಿ ಮುಳುಗಿಸಿ, ಬಿಗಿಯಾಗಿ ಮುಚ್ಚಿ, ಒಲೆಯ ಪಕ್ಕ ಮೂರು ವಾರ ಇಡಬೇಕಂತೆ. ದಿನಾ ಸೂಪಿನ ಮೇಲೆ ಒಂದು ಚಮಚ. ಘಮ ತುಂಬಾ ಚೆನ್ನಾಗಿದೆ. ಮೊನ್ನೆಯಿಂದ ಎಲ್ಲರಿಗೂ ಹಾಕುತ್ತಿದ್ದೇನೆ. ಈಗ ಸಣ್ಣ ಸಣ್ಣ ಗುಳ್ಳೆ ಏಳುತ್ತಿವೆ, ಎಣ್ಣೆ ಸ್ವಲ್ಪ ಮಬ್ಬಾಗಿದೆ. ಸೋಸಿ ಬಳಸಬಹುದಾ?

ಶೆಫ್ ಮೇಡಂ: ಶೈಲಜಾ, ಬೇಡ. ಸೋಸುವುದೂ ಬೇಡ, ರುಚಿ ನೋಡುವುದೂ ಬೇಡ. ಮೊದಲು ಆ ಬಾಟಲಿಯನ್ನು ಯಾರ ಕೈಗೂ ಸಿಗದ ಕಡೆ ಇಡಿ, ಆಮೇಲೆ ಮುಂದೆ ಓದಿ.

ಬೆಳ್ಳುಳ್ಳಿ ಮಣ್ಣಿನಲ್ಲಿ ಬೆಳೆಯುವಂಥದ್ದು. ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಅನ್ನುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರುತ್ತವೆ. ತೊಳೆದರೂ ಪೂರ್ತಿ ಹೋಗಲ್ಲ. ಗಾಳಿ ತಾಗುವ ಕಡೆ ಅವು ಸುಮ್ನೆ ಬಿದ್ದಿರುತ್ತವೆ, ಏನೂ ಮಾಡಲ್ಲ. ನೀವು ಎಣ್ಣೆಯಲ್ಲಿ ಮುಳುಗಿಸಿದಾಗ ಗಾಳಿ ತಪ್ಪಿತು. ಬೆಳ್ಳುಳ್ಳಿಯಲ್ಲಿ ಹುಳಿ ಇಲ್ಲ, ನೀರಿನಂಶ ಇದೆ. ಒಲೆಯ ಪಕ್ಕ ಇಟ್ಟು ಬೆಚ್ಚಗೂ ಮಾಡಿದಿರಿ. ಅವು ಮೊಳೆತು ವಿಷ ಉಗುಳೋಕೆ ಬೇಕಾದದ್ದೆಲ್ಲ ಆ ಬಾಟಲಿಯಲ್ಲಿದೆ. ಈ ವಿಷ ನರಗಳಿಗೆ ತಗಲುವಂಥದ್ದು. ವಾಸನೆ ಇಲ್ಲ, ರುಚಿ ಇಲ್ಲ. ಗುಳ್ಳೆ, ಮಬ್ಬು ಇಲ್ಲದ ಬಾಟಲಿಯಲ್ಲೂ ಇರಬಹುದು. "ಘಮ ಚೆನ್ನಾಗಿದೆ" ಅನ್ನುವುದು ಇಲ್ಲಿ ಯಾವ ಭರವಸೆಯನ್ನೂ ಕೊಡಲ್ಲ.

ಇದು ನಾನು ಹೆದರಿಸೋಕೆ ಹೇಳುವ ಮಾತಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಒಂದು ಹೋಟೆಲಿನಲ್ಲಿ ಊಟ ಮಾಡಿದ 36 ಜನಕ್ಕೆ ಬಾಟುಲಿಸಂ, ಅಂದರೆ ಇದೇ ವಿಷದಿಂದ ಬರುವ ಕಾಯಿಲೆ, ಬಂತು. ಕಾರಣ, ಫ್ರಿಜ್ಜಿನ ಹೊರಗೆ ಇಟ್ಟಿದ್ದ ಎಣ್ಣೆಯಲ್ಲಿನ ಬೆಳ್ಳುಳ್ಳಿ. 1989ರಲ್ಲಿ ಅಮೆರಿಕದಲ್ಲೂ ಇಂಥದ್ದೇ ಆದ ಮೇಲೆ, ಮಾರುವ ಬೆಳ್ಳುಳ್ಳಿ ಎಣ್ಣೆಗೆ ಆಮ್ಲ ಸೇರಿಸುವುದನ್ನು ಅಲ್ಲಿ ಕಡ್ಡಾಯ ಮಾಡಿದರು.

ಈಗ ಮಾಡಬೇಕಾದದ್ದು. ಅದನ್ನು ತಿಂದ ಎಲ್ಲರನ್ನೂ ಗಮನಿಸಿ. ಒಂದು ವಸ್ತು ಎರಡಾಗಿ ಕಾಣುವುದು, ಕಣ್ಣು ಮಂಜಾಗುವುದು, ರೆಪ್ಪೆ ಜೋತುಬೀಳುವುದು, ಬಾಯಿ ಒಣಗುವುದು, ಮಾತು ತೊದಲುವುದು, ನುಂಗೋಕೆ ಕಷ್ಟ, ಕೈಕಾಲಿನಲ್ಲಿ ಬಲ ಇಲ್ಲದಿರುವುದು. ಸಾಮಾನ್ಯವಾಗಿ 12ರಿಂದ 36 ಗಂಟೆಯಲ್ಲಿ ಶುರುವಾಗುತ್ತೆ, ಆದರೆ ಕೆಲವು ದಿನ ತಡವಾಗಿಯೂ ಬರಬಹುದು. ಇವುಗಳಲ್ಲಿ ಒಂದು ಕಂಡರೂ ನೇರ ಆಸ್ಪತ್ರೆಗೆ ಹೋಗಿ, "ಎಣ್ಣೆಯಲ್ಲಿ ಇಟ್ಟ ಬೆಳ್ಳುಳ್ಳಿ ತಿಂದಿದ್ದೇವೆ" ಅಂತ ಬಾಯಿಬಿಟ್ಟು ಹೇಳಿ. ಇದಕ್ಕೆ ಮದ್ದು ಇದೆ. ಅದು ವಿಷ ಮುಂದೆ ಹರಡದಂತೆ ತಡೆಯುತ್ತೆ, ಆಗಲೇ ಬಿದ್ದುಹೋದ ಶಕ್ತಿಯನ್ನು ವಾಪಸ್ ತರಲ್ಲ. ಅದಕ್ಕೇ ಬೆಳಗಾಗಲಿ ನೋಡೋಣ ಅಂತ ಕೂರಬಾರದು.

ಈಗ ಯಾರಿಗಾದರೂ ಏನಾದರೂ ಆಗುತ್ತಿದೆಯಾ? ಅದನ್ನು ಮೊದಲು ಹೇಳಿ.

ಶೈಲಜಾ: ಕೈ ನಡುಗುತ್ತಿದೆ ಮೇಡಂ. ಎಲ್ಲರನ್ನೂ ಕೇಳಿದೆ. ಯಾರಿಗೂ ಏನೂ ಇಲ್ಲ. ಕಣ್ಣು, ಮಾತು ಎಲ್ಲ ಸರಿ ಇದೆ.

ಶೆಫ್ ಮೇಡಂ: ಒಳ್ಳೆಯದು. ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ವಿಷಯ ತಿಳಿಸಿಡಿ. ಬಾಟಲಿ ತೆರೆಯಬೇಡಿ, ಸಿಂಕಿಗೆ ಸುರಿಯಬೇಡಿ. ಚೀಲದಲ್ಲಿ ಕಟ್ಟಿ, "ಮುಟ್ಟಬೇಡಿ" ಅಂತ ಬರೆದಿಡಿ. ಡಾಕ್ಟರು ಬೇಡ ಅಂದ ಮೇಲೆ ಕಸಕ್ಕೆ ಹಾಕಿ. ಕೈಯನ್ನು ಸೋಪಿನಲ್ಲಿ ತೊಳೆಯಿರಿ.

ಬೆಳ್ಳುಳ್ಳಿ ಎಣ್ಣೆ ಬೇಕು ಅಂದರೆ ಆ ಹೊತ್ತಿಗಷ್ಟು ಮಾಡಿ. ತೆಳ್ಳಗೆ ಹೆಚ್ಚಿದ ಎಸಳನ್ನು ತಣ್ಣಗಿನ ಎಣ್ಣೆಗೇ ಹಾಕಿ ಸಣ್ಣ ಉರಿ ಹಚ್ಚಿ. ಅಂಚು ಹೊಂಬಣ್ಣಕ್ಕೆ ತಿರುಗಿದಾಗ ಇಳಿಸಿ, ಕೆಂಪಾಗುವವರೆಗೆ ಕಾದರೆ ಕಹಿ. ಉಳಿದರೆ ತಕ್ಷಣ ಫ್ರಿಜ್ಜಿಗೆ, 4 ದಿನದೊಳಗೆ ಮುಗಿಸಿ.

ಮಹೇಶ್: ಮೇಡಂ, ಒಂದು ಅನುಮಾನ. ಎಣ್ಣೆ 170 ಡಿಗ್ರಿ ಕಾಯುತ್ತಲ್ಲ, ಬೀಜಾಣು ಸಾಯಲ್ವಾ?

ಶೆಫ್ ಮೇಡಂ: ಎಣ್ಣೆ ಕಾಯುತ್ತೆ, ಎಸಳಿನ ಒಳಗೆ ನೀರು ಇರುವವರೆಗೆ ಅದರ ಒಡಲು 100ರ ಆಸುಪಾಸಿನಲ್ಲೇ ಇರುತ್ತೆ. ಈ ಬೀಜಾಣು ಸಾಯೋಕೆ ಒತ್ತಡದಲ್ಲಿ 121 ಡಿಗ್ರಿ ಬೇಕು. ಅಷ್ಟಕ್ಕೂ ಶೈಲಜಾ ಅವರ ಎಣ್ಣೆ ಬರೀ ಬೆಚ್ಚಗಿತ್ತು.

ಗಿರೀಶ್: ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಮಾಡುತ್ತಿದ್ದೇವೆ. ಯಾರಿಗೂ ಏನೂ ಆಗಿಲ್ಲ. ಸ್ವಲ್ಪ ನಿಂಬೆರಸ ಹಿಂಡಿದರೆ ಆಯಿತು. ಸುಮ್ನೆ ಜನರನ್ನು ಹೆದರಿಸಬೇಡಿ.

ಶೆಫ್ ಮೇಡಂ: ಗಿರೀಶ್, ಅಂದಾಜಿನಲ್ಲಿ ಹಿಂಡಿದ ನಿಂಬೆರಸ ಎಸಳಿನ ಒಳಕ್ಕೆ ಇಳಿಯಲ್ಲ. ಅದಕ್ಕೆ ಅಳತೆ, ಹೊತ್ತು ಎರಡೂ ಲೆಕ್ಕ ಹಾಕಿಯೇ ಮಾಡಬೇಕು. ನಿಮಗೆ ಇದುವರೆಗೆ ಏನೂ ಆಗದಿದ್ದದ್ದು ಸಂತೋಷ. ಅದನ್ನು ನೋಡಿ ಬೇರೆಯವರು ಮಾಡುವುದು ಬೇಡ. ಆ ಮೆಸೇಜ್ ಯಾರ ಫೋನಿನಲ್ಲಿ ಇದ್ದರೂ ಅಳಿಸಿ.

ಕವಿತಾ: ನಾನು ಭಾನುವಾರ ದೊಡ್ಡ ಪಾತ್ರೆ ಸೂಪ್ ಮಾಡಿ ಮೂರು ದಿನ ಇಟ್ಟುಕೊಳ್ಳುತ್ತೇನೆ. ರಾತ್ರಿ ಒಲೆ ಮೇಲೇ ಬಿಟ್ಟು, ಬೆಳಿಗ್ಗೆ ಆರಿದ ಮೇಲೆ ಫ್ರಿಜ್ಜಿಗೆ. ಸರಿ ಅಲ್ವಾ?

ಗಿರೀಶ್: ಮೂರು ದಿನದ ಸೂಪಾ? ಅದಕ್ಕೆ ತಂಗಳು ಅನ್ನುತ್ತಾರೆ. ಸೂಪ್ ಮಾಡೋಕೆ ಅರ್ಧ ಗಂಟೆ ಸಾಕು. ಇದೆಲ್ಲ ಸೋಮಾರಿತನ.

ಕವಿತಾ: ಸ್ವಾಮಿ, ನಿಮ್ಮ ಮನೆಯಲ್ಲಿ ಆ ಅರ್ಧ ಗಂಟೆ ಒಲೆ ಮುಂದೆ ನಿಲ್ಲುವವರು ಯಾರು? ನೀವಾ?

ಗಿರೀಶ್: ವಿಷಯ ಅದಲ್ಲ. ಆರೋಗ್ಯದ ಮಾತು.

ನಾಗರತ್ನ: ಮೂರು ವಾರದ ಬೆಳ್ಳುಳ್ಳಿ ಎಣ್ಣೆ ನಡೆಯುತ್ತೆ, ಮೂರು ದಿನದ ಸೂಪ್ ತಂಗಳು. ಇದು ಯಾವ ನ್ಯಾಯ ಗಿರೀಶ್ ಅವರೇ?

ರೇಖಾ: ಕವಿತಾ ಹೇಳಿದ್ದು ಸರಿ. ಕೆಲಸದಿಂದ ಸುಸ್ತಾಗಿ ಬಂದವರಿಗೆ ಬಿಸಿ ಮಾಡಿದರೆ ಸಾಕು ಅನ್ನುವ ಸೂಪ್ ಎಷ್ಟು ದೊಡ್ಡ ವರ ಗೊತ್ತಾ?

ಪ್ರಕಾಶ್: ಗಿರೀಶ್ ಅವರು ಹೇಳಿದ್ದರಲ್ಲೂ ಅರ್ಥ ಇದೆ. ಆಗ ಮಾಡಿದ್ದರ ರುಚಿಯೇ ಬೇರೆ.

ಕವಿತಾ: ರುಚಿ ಬೇರೆ, ಸೋಮಾರಿ ಅನ್ನುವುದು ಬೇರೆ ಪ್ರಕಾಶ್. ಎರಡನ್ನೂ ಒಂದೇ ತಟ್ಟೆಯಲ್ಲಿ ಹಾಕಬೇಡಿ.

ಅಡ್ಮಿನ್: ದಯವಿಟ್ಟು ಸೂಪಿಗೆ ಬನ್ನಿ.

ಶೆಫ್ ಮೇಡಂ: ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ರಾತ್ರಿಯಿಡೀ ಒಲೆ ಮೇಲೆ ಬಿಡುವುದು ತಪ್ಪು. ದೊಡ್ಡ ಪಾತ್ರೆಯ ನಡುವಿನ ಸೂಪ್ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತೆ, ಬ್ಯಾಕ್ಟೀರಿಯಾ ಹೆಚ್ಚುವುದು ಅಲ್ಲೇ. 60 ಡಿಗ್ರಿಯಿಂದ 21ಕ್ಕೆ 2 ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಇನ್ನು 4 ಗಂಟೆಯೊಳಗೆ ಇಳಿಯಬೇಕು. ಅಗಲವಾದ ಪಾತ್ರೆಗಳಿಗೆ ಬಗ್ಗಿಸಿ, 5 ಸೆಂಟಿಮೀಟರಿಗಿಂತ ಆಳ ಬೇಡ. ತಣ್ಣೀರು, ಐಸ್ ತುಂಬಿದ ಸಿಂಕಿನಲ್ಲಿಟ್ಟು ತಿರುವುತ್ತಿರಿ. ಹೊಗೆ ನಿಂತ ಮೇಲೆ ಸ್ವಲ್ಪ ಬೆಚ್ಚಗಿದ್ದರೂ ಫ್ರಿಜ್ಜಿಗೆ ಇಡಬಹುದು. ಅಲ್ಲಿ 3ರಿಂದ 4 ದಿನ ಇರುತ್ತೆ. ಪ್ರತಿ ಸಲ ಕುಡಿಯುವಷ್ಟನ್ನೇ ತೆಗೆದು ಚೆನ್ನಾಗಿ ಕುದಿಸಿ. ಕ್ರೀಮ್, ಬ್ರೆಡ್, ಸೊಪ್ಪು ಎಲ್ಲ ಬಡಿಸುವಾಗ.

ಪ್ರಕಾಶ್: ರಾತ್ರಿ ಹೊರಗೆ ಉಳಿದರೂ ಬೆಳಿಗ್ಗೆ ಚೆನ್ನಾಗಿ ಕುದಿಸಿಬಿಟ್ಟರೆ ಆಯಿತಲ್ಲ?

ಶೆಫ್ ಮೇಡಂ: ಆಗಲ್ಲ. ಅಕ್ಕಿ, ಆಲೂಗಡ್ಡೆ, ಪಾಸ್ತಾ ಇರುವ ಸೂಪಿನಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆದು ಬಿಟ್ಟ, ವಾಂತಿ ತರಿಸುವ ವಿಷ ಕುದಿಸಿದರೂ ಹೋಗಲ್ಲ. ಚೆಲ್ಲಿ.

ಸುನೀಲ್: ಕೋಳಿ ಸೂಪ್ ನೆಗಡಿ ವಾಸಿ ಮಾಡುತ್ತೆ ಅಂತ ಅಮೆರಿಕದಲ್ಲಿ ಸಾಬೀತಾಗಿದೆ. ಲಿಂಕ್ ಬೇಕಾದರೆ ಕೊಡುತ್ತೇನೆ.

ಶೆಫ್ ಮೇಡಂ: 2000ರಲ್ಲಿ ನೆಬ್ರಾಸ್ಕದಲ್ಲಿ ನಡೆದ ಆ ಪ್ರಯೋಗ ಲ್ಯಾಬಿನಲ್ಲಿ ಬಿಳಿ ರಕ್ತಕಣಗಳ ಮೇಲೆ ಮಾಡಿದ್ದು, ನೆಗಡಿ ಬಂದವರ ಮೇಲಲ್ಲ. ಬಿಸಿ ಸೂಪ್ ಕುಡಿದರೆ ಗಂಟಲಿಗೆ ಹಿತ, ಮೈಗೆ ನೀರು ಸೇರುತ್ತೆ. ಅಷ್ಟು ಸಾಕು, ಅದೇ ಒಳ್ಳೆಯದು.

ಸವಿತಾ: ಎಂಟು ತಿಂಗಳ ಮಗುವಿಗೆ ಕ್ಯಾರೆಟ್ ಸೂಪಿನ ಮೇಲೆ ಜೇನು ಹಾಕಿದರೆ ಕಫ ಕರಗುತ್ತೆ ಅಂತ ಬೇರೆ ಗುಂಪಿನಲ್ಲಿ ಹಾಕಿದ್ದರು.

ಶೆಫ್ ಮೇಡಂ: ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನು ಕೊಡಲೇಬಾರದು. ಬೇಯಿಸಿದ್ದರಲ್ಲೂ ಬೇಡ. ಮೇಲೆ ಹೇಳಿದ ಅದೇ ಬೀಜಾಣು, ಮಗುವಿನ ಕರುಳಿನಲ್ಲೇ ಮೊಳೆಯುತ್ತೆ. ಇಂಥದ್ದನ್ನು ಫಾರ್ವರ್ಡ್ ಮಾಡುವವರು ಒಂದು ನಿಮಿಷ ನಿಂತು ಯೋಚನೆ ಮಾಡಿ. ನಿಮಗೆ ಅದು ಒಂದು ಮೆಸೇಜ್, ಇನ್ನೊಬ್ಬರ ಮನೆಯಲ್ಲಿ ಅದು ಮಗುವಿನ ಬಾಯಿಗೆ ಹೋಗುತ್ತೆ.

ಗಿರೀಶ್: ಎಲ್ಲದಕ್ಕೂ ಬೇಡ ಬೇಡ ಅಂದರೆ ತಿನ್ನುವುದು ಏನನ್ನ?

ನಾಗರತ್ನ: ಅವರು ಮಾಡುವ ರೀತಿಯನ್ನೂ ಹೇಳುತ್ತಿದ್ದಾರೆ. ಓದಿದರೆ ಕಾಣುತ್ತೆ.

ಗಿರೀಶ್: ನಾನು ನಿಮ್ಮನ್ನು ಕೇಳಲಿಲ್ಲ.

ಅಡ್ಮಿನ್: ಗಿರೀಶ್, ನಾಗರತ್ನ, ಇಬ್ಬರೂ ಸಾಕು. ಮುಂದಿನದ್ದು ಡಿಲೀಟ್ ಮಾಡುತ್ತೇನೆ.

ವಿನಯ್: ಏರ್ ಫ್ರೈಯರ್ ಈರುಳ್ಳಿ ಬಗ್ಗೆ ಕೇಳಿದ್ದೆ...

ಅನಿತಾ: ಅಣಬೆ ಸೂಪ್ ಕಪ್ಪಗಾಗುತ್ತೆ, ಯಾಕೆ ಮೇಡಂ?

ದೀಪಕ್: ಬಿಸಿ ಸೂಪನ್ನು ಮಿಕ್ಸಿಗೆ ಹಾಕಿದೆ, ಮುಚ್ಚಳ ಹಾರಿ ಗೋಡೆಯೆಲ್ಲ ಸೂಪ್.

ಶೆಫ್ ಮೇಡಂ: ಕೈ ಸುಟ್ಟಿಲ್ಲ ತಾನೇ? ಒಳಗಿನ ಹಬೆ ಒಮ್ಮೆಲೇ ಉಬ್ಬುತ್ತೆ, ಅದಕ್ಕೇ ಹಾರುವುದು. ಆರಿದ ಮೇಲೆ ರುಬ್ಬಿ, ಮತ್ತೆ ಬಿಸಿ ಮಾಡಿ. ಅವಸರ ಇದ್ದರೆ ಪಾತ್ರೆಯಲ್ಲೇ ಮಸೆಯಿರಿ.

ಸವಿತಾ: ಕ್ರೂಟಾನ್ ಡಬ್ಬಿಯಲ್ಲಿ ಇಟ್ಟರೂ ಮೆತ್ತಗಾಯಿತು.

ಶೆಫ್ ಮೇಡಂ: ಪೂರ್ತಿ ಆರಿಸಿ ಅಂತ ಬರೆದಿದ್ದೆ.

ಲತಾ: ತಡವಾಗಿ ಬಂದೆ. ಸ್ಲೋ ಕುಕ್ಕರಿನಲ್ಲಿ ರಾಜ್ಮಾ ಸೂಪ್ ಇಟ್ಟಿದ್ದೇನೆ. ಕಾಳು ನೆನೆಸಲಿಲ್ಲ, ಹಾಗೇ ಹಾಕಿದೆ. ಇನ್ನೊಂದು ಗಂಟೆಯಲ್ಲಿ ಬಡಿಸಬೇಕು. ಕಾಳು ಸ್ವಲ್ಪ ಗಟ್ಟಿ ಇದೆ, ಮೇಲೆ ಹುರಿದ ಈರುಳ್ಳಿ ಹಾಕಿದರೆ ಗೊತ್ತಾಗಲ್ಲ ಅಲ್ವಾ?

ಶೆಫ್ ಮೇಡಂ: ಲತಾ, ಅದನ್ನು ಬಡಿಸಬೇಡಿ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಅನ್ನುವ ವಿಷಾಂಶ ಇದೆ. ನಾಲ್ಕೈದು ಹಸಿ ಕಾಳು ತಿಂದರೂ ವಾಂತಿ, ಭೇದಿ ಬರಬಹುದು. ಸ್ಲೋ ಕುಕ್ಕರಿನ ಸಣ್ಣ ಬಿಸಿಯಲ್ಲಿ ಅದು ಹೋಗಲ್ಲ, ಅರೆಬೆಂದ ಕಾಳು ಹಸಿಯದಕ್ಕಿಂತ ಕೆಟ್ಟದ್ದೂ ಆಗಬಹುದು. ಕಾಳನ್ನು ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಜೋರಾಗಿ 30 ನಿಮಿಷ ಕುದಿಸಬೇಕು. ಆಮೇಲೆ ಬೇಕಾದರೆ ಸ್ಲೋ ಕುಕ್ಕರಿಗೆ. ಇವತ್ತಿಗೆ ಬೇಳೆ ಸೂಪ್ ಮಾಡಿ. ಯಾರಾದರೂ ಆಗಲೇ ರುಚಿ ನೋಡಿದರಾ?

ಲತಾ: ಇಲ್ಲ ಮೇಡಂ, ಯಾರೂ ಇಲ್ಲ. ಸ್ವಿಚ್ ಆಫ್ ಮಾಡಿದೆ. ಬೇಳೆ ತೊಳೆಯುತ್ತಿದ್ದೇನೆ.

ಶೆಫ್ ಮೇಡಂ: ಸರಿ. ಬೇಳೆ ನುಣ್ಣಗೆ ಬೆಂದ ಮೇಲೆ ಉಪ್ಪು, ಕೊನೆಗೆ ನಿಂಬೆರಸ. ಹುರಿದ ಈರುಳ್ಳಿಯನ್ನು ಅದರ ಮೇಲೆ ಹಾಕಿ.