ನಾಲ್ಕು ಗಟ್ಟಿ ಹಲ್ಲು ಕೀಳಿಸಿ ಕ್ಲಿಪ್ ಹಾಕುವುದು: ಜಾಗದ ಲೆಕ್ಕ ಸರಿಯಿದೆಯಾ?

ಪ್ರಶ್ನೆ (ಹಲ್ಲುಸಾಲು)

ಹುಡುಗಿಗೆ 15 ವರ್ಷ, ಹಾಲುಹಲ್ಲು ಒಂದೂ ಉಳಿದಿಲ್ಲ. ಅಚ್ಚು ತೆಗೆದು ಅಳೆದಾಗ ಮೇಲ್ಸಾಲಿನಲ್ಲಿ 4 ಮಿ.ಮೀ., ಕೆಳಸಾಲಿನಲ್ಲಿ 6 ಮಿ.ಮೀ. ಜಾಗದ ಕೊರತೆ ಬಂದಿದೆ. ಮೇಲಿನ ಬಾಚಿಹಲ್ಲು ಕೆಳಗಿನದಕ್ಕಿಂತ 5 ಮಿ.ಮೀ. ಮುಂದಿದೆ. ಸುಮ್ಮನೆ ಕೂತಾಗ ತುಟಿ ಕೂಡುವುದಿಲ್ಲ, ಬಲವಂತವಾಗಿ ಮುಚ್ಚಿದರೆ ಗದ್ದದ ಚರ್ಮ ಗುಳಿಗುಳಿಯಾಗುತ್ತದೆ. ಮೇಲೆ ಎರಡು, ಕೆಳಗೆ ಎರಡು ಮೊದಲನೇ ಪ್ರೀಮೋಲಾರ್ (ಕೋರೆಹಲ್ಲಿನ ಹಿಂದಿನ ಹಲ್ಲು) ಕೀಳಿಸಬೇಕು ಅಂತ ಯೋಜನೆ ಕೊಟ್ಟಿದ್ದಾರೆ. ನಾಲ್ಕಕ್ಕೂ ಹುಳುಕಿಲ್ಲ. ಕೊರತೆ 4, 6 ಮಿ.ಮೀ. ಇರುವಾಗ ಪ್ರತಿ ಸಾಲಿನಲ್ಲೂ 14 ಮಿ.ಮೀ. ಖಾಲಿ ಮಾಡುವುದು ಯಾಕೆ? ಕೀಳುವುದು ಕ್ಲಿಪ್ಪಿಗೆ ಮೊದಲೋ, ಆಮೇಲೋ? ಮುಖ ಒಳಗೆ ಹೋದಂತೆ ಕಾಣುವುದಿಲ್ಲವೇ?

ಉತ್ತರ 1 (ಮಿಲಿಮೀಟರ್)

ನೀವು ಕೊರತೆಯನ್ನು ಮಾತ್ರ ಲೆಕ್ಕ ಹಿಡಿದಿದ್ದೀರಿ. ಜಾಗ ಬೇರೆ ಎರಡು ಕಡೆಯೂ ಖರ್ಚಾಗುತ್ತದೆ.

ಮೊದಲು ಕೆಳಸಾಲು ನೋಡಿ. ವಕ್ರ ಹಲ್ಲುಗಳನ್ನು ಸಾಲಿಗೆ ತರಲು 6. ಕೆಳಸಾಲನ್ನು ಪಕ್ಕದಿಂದ ನೋಡಿದರೆ ಮುಂದೆ ಹಿಂದೆ ಎತ್ತರ, ನಡುವೆ ತಗ್ಗು ಇರುತ್ತದೆ. ಆ ತಗ್ಗನ್ನು ಮಟ್ಟ ಮಾಡಲು ಸುಮಾರು 2. ತುಟಿ ಕೂಡಬೇಕಾದರೆ ಕೆಳಗಿನ ಬಾಚಿಹಲ್ಲು 2 ಮಿ.ಮೀ. ಹಿಂದೆ ಬರಬೇಕು ಅಂದುಕೊಳ್ಳಿ. ಅದು ಎಡಕ್ಕೆ 2, ಬಲಕ್ಕೆ 2, ಒಟ್ಟು 4 ತಿನ್ನುತ್ತದೆ. ಎಲ್ಲ ಸೇರಿ 12. ಒಂದು ಪ್ರೀಮೋಲಾರ್ ಅಗಲ ಸುಮಾರು 7 ಮಿ.ಮೀ., ಎರಡು ತೆಗೆದರೆ 14 ಸಿಗುತ್ತದೆ. ಮಿಕ್ಕ 2 ಮಿ.ಮೀ. ಹಿಂದಿನ ದವಡೆ ಹಲ್ಲುಗಳು ತಲಾ 1 ಮಿ.ಮೀ. ಮುಂದೆ ಬಂದು ಮುಚ್ಚಿಕೊಳ್ಳುತ್ತವೆ.

ಮೇಲ್ಸಾಲಿನದು ಇನ್ನೂ ಬಿಗಿ. 5 ಮಿ.ಮೀ. ಅಂತರ 2ಕ್ಕೆ ಇಳಿಯಬೇಕು, ಕೆಳಗಿನ ಹಲ್ಲೇ 2 ಹಿಂದೆ ಹೋಗುತ್ತಿದೆ. ಹಾಗಾಗಿ ಮೇಲಿನ ಬಾಚಿಹಲ್ಲು 5 ಹಿಂದೆ ಬರಬೇಕು. ಎರಡೂ ಪಕ್ಕ ಸೇರಿ 10, ಕೊರತೆಯ 4 ಕೂಡಿಸಿದರೆ 14. ಒಂದು ಮಿಲಿಮೀಟರೂ ಮಿಗುವುದಿಲ್ಲ.

ಡಾಕ್ಟರ ಹತ್ತಿರ ಕೇಳಬೇಕಾದ ಮುಖ್ಯ ಪ್ರಶ್ನೆ ಇಲ್ಲಿದೆ: ಮೇಲಿನ ದವಡೆ ಹಲ್ಲು ಮುಂದೆ ಜಾರದಂತೆ ಏನು ಆಧಾರ ಕೊಡುತ್ತೀರಿ? ಮುಂದಿನ ಹಲ್ಲನ್ನು ಹಿಂದಕ್ಕೆ ಎಳೆಯುವ ಬಲವೇ ಹಿಂದಿನದನ್ನು ಮುಂದಕ್ಕೆ ಎಳೆಯುತ್ತದೆ. ಅವು ತಲಾ 2 ಮಿ.ಮೀ. ಜಾರಿದರೂ ಸಾಲು ನೆಟ್ಟಗಾಗುತ್ತದೆ, ಸಂದೂ ಮುಚ್ಚುತ್ತದೆ. ಆದರೆ ಉಬ್ಬು 2 ಮಿ.ಮೀ. ಉಳಿದುಬಿಡುತ್ತದೆ. ಹಲ್ಲು ಕೀಳಿಸಿಯೂ ಉಬ್ಬು ಹೋಗಲಿಲ್ಲ ಎಂಬ ದೂರಿಗೆ ಹೆಚ್ಚಾಗಿ ಕಾರಣ ಇದೇ. ಇಂಥ ಲೆಕ್ಕಕ್ಕೆ ಮೂಳೆಗೆ ಹಾಕುವ ಮಿನಿ ಸ್ಕ್ರೂ ನಂಬಿಕಸ್ಥ. ದಪ್ಪ 1.2ರಿಂದ 2 ಮಿ.ಮೀ., ಉದ್ದ 6ರಿಂದ 10 ಮಿ.ಮೀ. ಇರುತ್ತದೆ, ಕೆಲಸ ಮುಗಿದ ಮೇಲೆ ತಿರುಗಿಸಿ ತೆಗೆಯುತ್ತಾರೆ. ಅಂಗುಳಿಗೆ ಅಡ್ಡ ಹಾಯಿಸುವ ಕಂಬಿಯೊಂದೇ ಇದಕ್ಕೆ ಸಾಲದು.

ಕೀಳದೆ ಆಗುತ್ತಾ ಅಂದರೆ, ಕೊರತೆ 4 ಮಿ.ಮೀ. ಒಳಗಿದ್ದರೆ ಸಾಮಾನ್ಯವಾಗಿ ಆಗುತ್ತದೆ. 10 ದಾಟಿದರೆ ಬಲು ಅಪರೂಪ. ನಡುವಿನದು ಮುಖ ನೋಡಿ ತೀರ್ಮಾನಿಸುವ ವಿಷಯ. ಹಲ್ಲಿನ ಪಕ್ಕವನ್ನು ನವಿರಾಗಿ ಉಜ್ಜಿ ಜಾಗ ಮಾಡಬಹುದು, ಆದರೆ ಒಂದು ಸಂದಿಯಲ್ಲಿ 0.5 ಮಿ.ಮೀ. ಮೀರಬಾರದು. ಕೆಳಗಿನ ಮುಂದಿನ ಆರು ಹಲ್ಲಿನ ನಡುವೆ ಐದೇ ಸಂದಿ, ಅಂದರೆ ಎರಡೂವರೆ ಮಿ.ಮೀ. ಉಳಿದದ್ದಕ್ಕೆ ಬಾಚಿಹಲ್ಲನ್ನು ಮುಂದೆ ತಳ್ಳಬೇಕು. ಈಗಲೇ ಕೂಡದ ತುಟಿಗೆ ಅದು ತಕ್ಕ ಉಪಾಯವಲ್ಲ. ಅಲ್ಲಿ ಮೂಳೆ ತೆಳುವಾಗಿದ್ದರೆ ವಸಡೂ ಕೆಳಗಿಳಿಯುತ್ತದೆ.

ಉತ್ತರ 2 (ಬೇರುಬುಡ)

ಲೆಕ್ಕ ಒಪ್ಪಿದೆ. ಆದರೆ ಯಾವ ಹಲ್ಲು ಎಂಬುದನ್ನು ಎಕ್ಸ್‌ರೇ ನೋಡದೆ ಒಪ್ಪಬೇಡಿ.

ಮೊದಲನೇ ಪ್ರೀಮೋಲಾರನ್ನೇ ಆರಿಸಲು ಕಾರಣ ಅದು ಇರುವ ಜಾಗ. ಕೊರತೆಯಿರುವ ಮುಂಭಾಗಕ್ಕೆ ಹತ್ತಿರ. ಅದು ಹೋದರೆ ಎರಡನೇ ಪ್ರೀಮೋಲಾರ್ ಅದೇ ಆಕಾರದಲ್ಲಿ ಕೋರೆಹಲ್ಲಿನ ಪಕ್ಕ ನಿಲ್ಲುತ್ತದೆ, ನಕ್ಕಾಗ ಗೊತ್ತಾಗುವುದಿಲ್ಲ. ಕೋರೆಹಲ್ಲು ಎಷ್ಟೇ ಮೇಲೆ ಹತ್ತಿ ಕೂತಿದ್ದರೂ ಅದನ್ನು ಕೀಳಲು ಮುಂದಾಗಬಾರದು. ಉದ್ದ ಬೇರಿನ, ಸಾಲಿನ ಮೂಲೆ ಹಿಡಿದಿರುವ ಹಲ್ಲದು.

ಎಲ್ಲ ಹಲ್ಲೂ ಒಟ್ಟಿಗೆ ಕಾಣುವ ದೊಡ್ಡ ಎಕ್ಸ್‌ರೇಯಲ್ಲಿ, ಅದೇ ಓಪಿಜಿಯಲ್ಲಿ, ಎರಡನೇ ಪ್ರೀಮೋಲಾರ್ ನಾಲ್ಕೂ ಇವೆಯೇ, ಬೇರು ಗಿಡ್ಡವಾಗಿದೆಯೇ ನೋಡಿ. ಮೊದಲನೇ ದವಡೆ ಹಲ್ಲಿಗೆ ದೊಡ್ಡ ಫಿಲ್ಲಿಂಗ್ ಅಥವಾ ರೂಟ್ ಕೆನಾಲ್ ಆಗಿದ್ದರೆ, ಗಟ್ಟಿ ಹಲ್ಲು ಉಳಿಸಿ ಅದನ್ನೇ ತೆಗೆಯುವ ದಾರಿಯಿದೆಯೇ ಕೇಳಿ. ಆ ಸಂದು 10 ಮಿ.ಮೀ.ಗೂ ಹೆಚ್ಚು, ಮುಚ್ಚಲು ತಿಂಗಳುಗಟ್ಟಲೆ ಜಾಸ್ತಿ ಹಿಡಿಯುತ್ತದೆ. ಆದರೂ ಕೆಲವೊಮ್ಮೆ ಅದೇ ಸರಿ. ಮುಂದಿನ ಹಲ್ಲು ಹೆಚ್ಚು ಹಿಂದೆ ಹೋಗಬೇಕಿಲ್ಲದಿದ್ದರೆ ಎರಡನೇ ಪ್ರೀಮೋಲಾರ್ ಕೀಳುತ್ತಾರೆ. ನಿಮ್ಮದು ಆ ಬಗೆಯಲ್ಲ.

ಮೊದಲೋ ಆಮೇಲೋ ಅಂದರೆ ಎರಡೂ ನಡೆಯುತ್ತದೆ. ಕೀಳಿಸಿದ ಮೇಲೆ ತಿಂಗಳಾನುಗಟ್ಟಲೆ ಖಾಲಿ ಬಿಡುವುದು ಮಾತ್ರ ತಪ್ಪು. ಆ ಜಾಗದ ಮೂಳೆ ಕೆನ್ನೆ ಕಡೆಯಿಂದ ಕುಗ್ಗಿ ತೆಳುವಾಗುತ್ತದೆ, ಅದರೊಳಗೆ ಹಲ್ಲು ಎಳೆಯುವುದು ನಿಧಾನ. ಕೆಳಗಡೆ 6 ಮಿ.ಮೀ. ಒತ್ತೊತ್ತಾಗಿರುವಾಗ ಕೀಳದೆ ತಂತಿ ಕಟ್ಟಿದರೆ, ಹಲ್ಲು ನೆಟ್ಟಗಾಗಲು ಜಾಗ ಹುಡುಕಿ ಮುಂದಕ್ಕೇ ಬಾಗುತ್ತದೆ. ಹಾಗಾಗಿ ಕ್ಲಿಪ್ ಅಂಟಿಸುವ ದಿನ ಗೊತ್ತಾದ ಮೇಲೆ, ಒಂದೆರಡು ವಾರ ಮುಂಚೆ ಕೀಳಿಸುವುದು ನನ್ನ ಮಟ್ಟಿಗೆ ಒಳ್ಳೆಯದು.

ಉತ್ತರ 3 (ಚೀಟಿ)

ಕೀಳುವ ದಿನದ ಬಗ್ಗೆ ಯಾರೂ ಬರೆದಿಲ್ಲ. ಕ್ಲಿಪ್ ಹಾಕುವವರು ಒಬ್ಬರು, ಕೀಳುವವರು ಇನ್ನೊಬ್ಬರು ಆಗಿದ್ದರೆ ನಡುವೆ ಇರುವುದು ಒಂದು ಚೀಟಿ. ಅದರಲ್ಲಿ 14, 24, 34, 44 ಎಂದಿರುತ್ತದೆ. ಮೊದಲ ಅಂಕಿ ಬಾಯಿಯ ಕಾಲುಭಾಗ, ಎರಡನೆಯದು ನಟ್ಟನಡುವಿನಿಂದ ಎಣಿಸಿದಾಗ ಎಷ್ಟನೆಯ ಹಲ್ಲು ಎಂಬುದು. ಇವೇ ನಾಲ್ಕನ್ನು 5, 12, 21, 28 ಎಂದು ಎಣಿಸುವ ಪದ್ಧತಿಯೂ ಇದೆ. ಆದ್ದರಿಂದ ಸಂಖ್ಯೆಯ ಜೊತೆ ‘ಮೇಲಿನ ಬಲ ಮೊದಲನೇ ಪ್ರೀಮೋಲಾರ್’ ಎಂದು ಪದದಲ್ಲೂ ಬರೆಸಿ. ಇಂಜೆಕ್ಷನ್‌ಗೆ ಮುಂಚೆ ಕನ್ನಡಿ ಹಿಡಿದು ಒಟ್ಟಿಗೆ ಎಣಿಸಿ: ಬಾಚಿ ಎರಡು, ಕೋರೆ ಒಂದು, ಅದರ ಪಕ್ಕದ್ದು ನಾಲ್ಕನೆಯದು. ಎರಡು ಪ್ರೀಮೋಲಾರ್ ಒಂದರಂತೆ ಒಂದಿರುವುದರಿಂದ ತಪ್ಪು ಹಲ್ಲು ಬರುವುದು ಇಲ್ಲೇ.

ಸಾಮಾನ್ಯವಾಗಿ ಒಂದು ದಿನ ಒಂದು ಪಕ್ಕದ ಮೇಲಿನದೂ ಕೆಳಗಿನದೂ, ವಾರ ಬಿಟ್ಟು ಇನ್ನೊಂದು ಪಕ್ಕ. ಊಟ ಅಗಿಯಲು ಒಂದು ಬದಿ ಉಳಿದಿರುತ್ತದೆ. ಮೇಲಿನ ಮೊದಲನೇ ಪ್ರೀಮೋಲಾರಿಗೆ ಹೆಚ್ಚಾಗಿ ಎರಡು ಬೇರು, ತುದಿ ತೆಳ್ಳಗೆ. ತಿರುಚಿದರೆ ಮುರಿಯುತ್ತದೆ. ಕೆನ್ನೆ ಕಡೆಗೂ ಅಂಗುಳಿನ ಕಡೆಗೂ ನಿಧಾನ ಅಲ್ಲಾಡಿಸಿ ಸಡಿಲಿಸಬೇಕು, ಆದ್ದರಿಂದ ತಡವಾದರೆ ಗಾಬರಿ ಬೇಡ. ನೋವು ಗೊತ್ತಾಗಬಾರದು, ಆದರೆ ಒತ್ತಡವೂ ‘ಕರಕರ’ ಸದ್ದೂ ಗೊತ್ತಾಗುತ್ತದೆ. ಹುಡುಗಿಗೆ ಮೊದಲೇ ಹೇಳಿಡಿ.

ಆಮೇಲೆ ಗಾಜ್ ಕಚ್ಚಿಕೊಂಡು 30ರಿಂದ 60 ನಿಮಿಷ. ನಡುನಡುವೆ ತೆಗೆದು ನೋಡಬಾರದು. 24 ಗಂಟೆ ಬಾಯಿ ಮುಕ್ಕಳಿಸುವುದು, ಉಗುಳುವುದು, ಸ್ಟ್ರಾದಲ್ಲಿ ಹೀರುವುದು ಬೇಡ. ಗುಳಿಯಲ್ಲಿ ಕಟ್ಟಿದ ರಕ್ತದ ಗಡ್ಡೆಯೇ ಬ್ಯಾಂಡೇಜು. ತುಟಿ ಮರಗಟ್ಟಿರುವ ತನಕ ಬಿಸಿ ಪದಾರ್ಥ ಬೇಡ, ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು. ನೋವು ದಿನದಿನಕ್ಕೆ ಇಳಿಯಬೇಕು. ಮೂರು-ನಾಲ್ಕನೇ ದಿನ ಕಿವಿಯವರೆಗೆ ಸೆಳೆಯುವ ನೋವು ಹೊಸದಾಗಿ ಎದ್ದು ಬಾಯಿ ವಾಸನೆ ಬಂದರೆ ಗಡ್ಡೆ ಕರಗಿ ಮೂಳೆ ಬಯಲಾಗಿರಬಹುದು. ಮಾತ್ರೆ ನುಂಗುತ್ತ ಕೂರದೆ ತೋರಿಸಿ, ಗುಳಿ ತೊಳೆದು ಔಷಧ ತುಂಬುತ್ತಾರೆ.

ಹಲ್ಲುಸಾಲು

ಲೆಕ್ಕ ಅರ್ಥವಾಯಿತು, ಮಿನಿ ಸ್ಕ್ರೂ ಬಗ್ಗೆ ಕೇಳುತ್ತೇನೆ. ಮುಖದ ಬಗ್ಗೆ ಇನ್ನೂ ಭಯ ಇದೆ. ಸಂದು ಮುಚ್ಚಲು ಎಷ್ಟು ದಿನ?

ಉತ್ತರ 4 (ಮಿಲಿಮೀಟರ್)

ತುಟಿ ಹಲ್ಲಿನಷ್ಟೇ ಹಿಂದೆ ಹೋಗುವುದಿಲ್ಲ. ಮೇಲಿನ ಬಾಚಿಹಲ್ಲು 5 ಮಿ.ಮೀ. ಹೋದರೆ ತುಟಿ 3 ಮಿ.ಮೀ. ಆಸುಪಾಸು, ತುಟಿ ದಪ್ಪವಿದ್ದರೆ ಇನ್ನೂ ಕಡಿಮೆ. ತುಟಿ ಕೂಡದವರಿಗೆ ಇದು ಬೇಕಾದ ಬದಲಾವಣೆಯೇ. ಮೊದಲೇ ತುಟಿ ಚಪ್ಪಟೆಯಿದ್ದು, ಮೂಗು, ಗದ್ದ ಮುಂದಿರುವವರಿಗೆ ನಾಲ್ಕು ಕಿತ್ತರೆ ನಿಮ್ಮ ಭಯ ನಿಜವಾಗುತ್ತದೆ. ಪಕ್ಕದಿಂದ ತೆಗೆಯುವ ತಲೆಯ ಎಕ್ಸ್‌ರೇ ಇರುವುದು ಇದನ್ನು ಅಳೆಯಲಿಕ್ಕೇ. ದವಡೆ ಕೀಲು ಕೆಡುತ್ತದೆ, ಉಸಿರಾಟಕ್ಕೆ ತೊಂದರೆ ಎಂಬ ಮಾತು ಕೇಳಿಬರುತ್ತದೆ, ಈವರೆಗಿನ ಅಧ್ಯಯನಗಳು ಅದನ್ನು ಬೆಂಬಲಿಸಿಲ್ಲ.

ಸಂದು ತಿಂಗಳಿಗೆ ಸುಮಾರು 1 ಮಿ.ಮೀ. ಮುಚ್ಚುತ್ತದೆ. ಸಾಲು ನೆಟ್ಟಗೆ ಮಾಡಿ ದಪ್ಪ ಸ್ಟೀಲ್ ತಂತಿಗೆ ಬರುವವರೆಗೆ ನಾಲ್ಕಾರು ತಿಂಗಳು ಬೇರೆ. ಒಟ್ಟು 2 ವರ್ಷ ಹಿಡಿಯಿರಿ. ಬೇಗ ಮುಗಿಸಲು ಬಲ ಹೆಚ್ಚಿಸಿದರೆ ಹಲ್ಲಿನ ತಲೆ ಮಾತ್ರ ಹಿಂದಕ್ಕೆ ವಾಲುತ್ತದೆ, ಬೇರು ಅಲ್ಲೇ ಉಳಿಯುತ್ತದೆ. ಸ್ಪ್ರಿಂಗ್ ಆದರೆ 150ರಿಂದ 200 ಗ್ರಾಂ ಸಾಕು. ರಬ್ಬರ್ ಸರಪಳಿ ಮೊದಲ ದಿನವೇ ಸುಮಾರು ಅರ್ಧ ಬಲ ಕಳೆದುಕೊಳ್ಳುತ್ತದೆ. ಭೇಟಿ ತಪ್ಪಿಸಿದರೆ ಆ ತಿಂಗಳು ಹಲ್ಲು ಹೆಚ್ಚುಕಮ್ಮಿ ನಿಂತಲ್ಲೇ ನಿಂತಿರುತ್ತದೆ.

ಕ್ಲಿಪ್ ಬಿಚ್ಚುವ ಮುಂಚೆ ಇನ್ನೊಂದು ಓಪಿಜಿ ತೆಗೆಸಿ, ಕೋರೆಹಲ್ಲಿನ ಬೇರೂ ಪಕ್ಕದ ಪ್ರೀಮೋಲಾರಿನ ಬೇರೂ ಸಮಾನಾಂತರವಾಗಿವೆಯೇ ನೋಡಿಸಿ. ಮೇಲೆ ಕೂಡಿ ಕೆಳಗೆ ಬೇರು ಅಗಲಿದ್ದರೆ ಸಂದು ಮತ್ತೆ ತೆರೆಯುತ್ತದೆ. ಅಲ್ಲಿ ಮಡಚಿಕೊಂಡ ವಸಡು ಕೂಡ ಹಲ್ಲನ್ನು ಬಿಡಿಸಲು ನೋಡುತ್ತದೆ. ಹಾಗಾಗಿ ಒಳಬದಿಗೆ ಅಂಟಿಸುವ ರಿಟೇನರ್ ತಂತಿ ಕೋರೆಹಲ್ಲಿಗೆ ನಿಲ್ಲದೆ, ಮುಚ್ಚಿದ ಸಂದು ದಾಟಿ ಪ್ರೀಮೋಲಾರಿನವರೆಗೆ ಹೋಗುವಂತೆ ಕೇಳಿ.