ಸಹಾಯ ಬೇಕು: ಹಳೇ ಬಿಬಿಎಸ್ ಯುಟಿಲಿಟಿಗಳ ಪಟ್ಟಿ, ಎರಡು ಕಡೆಗೂ ಸೇರೋದನ್ನ ಎಲ್ಲಿಡೋದು?

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಶಿರಾ ಗೇಟ್ ಕಡೆಯವನು. ಮೋಡೆಮ್‌ನಲ್ಲಿ ಡಯಲ್ ಮಾಡಿ ಸೇರ್ತಿದ್ದ ಬುಲೆಟಿನ್ ಬೋರ್ಡ್‌ಗಳನ್ನ (ಬಿಬಿಎಸ್‌ಗಳನ್ನ) ನಡೆಸೋರಿಗೆ, ಅಂದ್ರೆ ಸಿಸಾಪ್‌ಗಳಿಗೆ, ಬೇಕಾಗ್ತಿದ್ದ ಡಾಸ್ ಯುಟಿಲಿಟಿಗಳ (ಹಳೇ ಪಿಸಿಗಳ ಸಣ್ಣ ಸಹಾಯಕ ಪ್ರೋಗ್ರಾಂಗಳ) ಪಟ್ಟಿನ ನಾವು ಮೂವರು ಗೆಳೆಯರು ಕನ್ನಡದಲ್ಲಿ ಮಾಡ್ತಿದ್ದೀವಿ. 1978ರಲ್ಲಿ ಶಿಕಾಗೋದಲ್ಲಿ ಮೊದಲ ಬೋರ್ಡ್ ಕಟ್ಟಿದ ವಾರ್ಡ್ ಕ್ರಿಸ್ಟೆನ್ಸನ್, ರ‍್ಯಾಂಡಿ ಸ್ಯೂಸ್ ಇಬ್ಬರೂ ಈಗಿಲ್ಲ. ಉಳಿದಿದ್ದನ್ನಾದ್ರೂ ಬರೆದಿಡಬೇಕು ಅಂತ ಆಸೆ.

ವಿವರಣೆ ಬರೆಯೋದು ಕಷ್ಟ ಆಗ್ಲಿಲ್ಲ. ಎಷ್ಟೋ ಜಿಪ್‌ಗಳ ಒಳಗೆ ಫೈಲ್_ಐಡಿ.ಡಿಜ್ ಅನ್ನೋ ಪುಟ್ಟ ಪರಿಚಯ ಇರುತ್ತೆ. ಅದರ ಚೌಕಟ್ಟಿನ ಗೆರೆಗಳೆಲ್ಲ ಏನೇನೋ ಅಕ್ಷರ ಆಗಿ ಕಾಣ್ತಿದ್ವು, ಹಳೇ ಪಿಸಿಗಳ ಅಕ್ಷರ ಸಂಕೇತ ಪಟ್ಟಿಯಾದ ಕೋಡ್ ಪೇಜ್ 437 ಅಂತ ಹೇಳಿ ತೆರೆದ ಮೇಲೆ ಸರಿಹೋಯ್ತು.

ಸಿಕ್ಕಾಕ್ಕೊಂಡಿರೋದು ವಿಂಗಡಣೇಲಿ. ಮೊದಲು ಬಿಬಿಎಸ್ ಸಾಫ್ಟ್‌ವೇರ್ ಪ್ರಕಾರ ಜೋಡಿಸಿದ್ವಿ. ಆದ್ರೆ ಡೋರ್ ಗೇಮ್‌ಗೆ (ಬೋರ್ಡ್ ಮೂಲಕ ಆಡೋ ಆಟಕ್ಕೆ) ಬಳಕೆದಾರರ ಹೆಸರು, ಉಳಿದಿರೋ ಸಮಯ ತಿಳಿಸೋ ಡ್ರಾಪ್ ಫೈಲ್ ಒಂದೊಂದರಲ್ಲಿ ಒಂದೊಂದು ಥರ. ಡಬ್ಲ್ಯುಡಬ್ಲ್ಯುಐವಿ ಅನ್ನೋ ಬಿಬಿಎಸ್ ಸಾಫ್ಟ್‌ವೇರ್‌ದು ಚೈನ್.ಟಿಎಕ್ಸ್‌ಟಿ, ಕ್ವಿಕ್‌ಬಿಬಿಎಸ್‌ದು ಡೋರಿನ್ಫೋ1.ಡೆಫ್. ಒಂದನ್ನ ಇನ್ನೊಂದಾಗಿ ಬದಲಾಯಿಸೋ ಪ್ರೋಗ್ರಾಂ ಯಾವುದರ ಕೆಳಗೆ ಹೋಗ್ಬೇಕು? ಎರಡೂ ಕಡೆ ಹಾಕಿದ್ವಿ, ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ಹಾಗೇ ಉಳೀತು. ಆಮೇಲೆ ಪ್ರೋಗ್ರಾಂ ಮಾಡೋ ಕೆಲಸದ ಪ್ರಕಾರ ಬದಲಾಯಿಸಿದ್ವಿ. ಈಗ ವೈಲ್ಡ್‌ಕ್ಯಾಟ್ ಅನ್ನೋ ಬಿಬಿಎಸ್ ಸಾಫ್ಟ್‌ವೇರ್‌ಗೆ ಹೊಂದೋದು ಯಾವ್ದು ಅಂತ ನೋಡೋಕೆ ಪಟ್ಟಿ ಪೂರ್ತಿ ಓದ್ಬೇಕು.

ಗ್ರಂಥಾಲಯದ ಕೆಲಸ ಗೊತ್ತಿರೋರು, ಇಂಥ ಪಟ್ಟಿ ಮಾಡಿರೋರು ದಯವಿಟ್ಟು ಹೇಳಿ: ಕೆಲಸವನ್ನೇ ಮುಖ್ಯ ವಿಭಾಗ ಮಾಡಿ, ಸಾಫ್ಟ್‌ವೇರ್ ಹೆಸರನ್ನ ಬೇರೆ ಕಾಲಂನಲ್ಲಿ ಕೊಟ್ರೆ ಸಾಕಾ, ಇಲ್ಲ ಸಾಫ್ಟ್‌ವೇರ್‌ಗೊಂದು ಪ್ರತ್ಯೇಕ ಸೂಚಿ ಮಾಡ್ಲೇಬೇಕಾ?