ಪಿವಿ ಕೋಶ ಸತ್ತಿದೆಯೋ, ಬರೀ ಬಣ್ಣ ಹಿಡಿದಿಲ್ಲವೋ?

ಪ್ರಶ್ನೆ
ಸ್ಕಿಜೋಫ್ರೇನಿಯಾ ಮಾದರಿಗಾಗಿ ಹೆಣ್ಣು ರ್ಯಾಟ್‌ಗಳಿಗೆ ಪಿಸಿಪಿ (ಫೆನ್‌ಸೈಕ್ಲಿಡೀನ್ ಎಂಬ ಮಾದಕ ವಸ್ತು) ಕೊಟ್ಟಿದೆ: ಕೆಜಿಗೆ 2 ಮಿ.ಗ್ರಾಂ, ದಿನಕ್ಕೆರಡು ಸಲ, 7 ದಿನ. ಆಮೇಲೆ 7 ದಿನ ಬಿಡುವು. ಪ್ರಿಫ್ರಂಟಲ್ ಕಾರ್ಟೆಕ್ಸ್‌ನಲ್ಲಿ (ಮಿದುಳಿನ ಮುಂಭಾಗ) ಆಂಟಿಬಾಡಿ ಬಣ್ಣ ಹಾಕಿ ಎಣಿಸಿದ ಪಾರ್ವಾಲ್ಬುಮಿನ್ (ಪಿವಿ) ಕೋಶಗಳು ಬರೀ ಉಪ್ಪುನೀರು ಕೊಟ್ಟ ಸಲೈನ್ ಗುಂಪಿಗಿಂತ ಕಡಿಮೆ ಬಂದಿವೆ. ಈ ಇಂಟರ್‌ನ್ಯೂರಾನ್‌ಗಳು (ಪಕ್ಕದ ನರಕೋಶಗಳಿಗೆ ಕಡಿವಾಣ ಹಾಕುವ ಕೋಶಗಳು) ಸತ್ತಿವೆ ಅಂತ ಬರೆಯಬಹುದಾ? ಇನ್ನೊಂದು ತೊಡಕು: ಹೊಸ ವಸ್ತು ಗುರುತಿಸುವ ಪರೀಕ್ಷೆಯಲ್ಲಿ 3 ನಿಮಿಷ ತೋರಿಸಿ 24 ಗಂಟೆ ಬಿಟ್ಟು ನೋಡಿದರೆ ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ.

ಉತ್ತರ 1
ಬರೆಯಬೇಡಿ. ಪಿವಿ ಅನ್ನೋದು ಕ್ಯಾಲ್ಸಿಯಂ ಹಿಡಿದಿಡುವ ಪ್ರೋಟೀನ್. ಕೋಶದ ಚಟುವಟಿಕೆ ಇಳಿದರೆ ಅದೂ ಇಳಿಯುತ್ತದೆ. ಕೋಶ ಬದುಕಿಯೇ ಇರುತ್ತದೆ, ಆಂಟಿಬಾಡಿಗೆ ಕಾಣುವುದಿಲ್ಲ, ಅಷ್ಟೇ. 2007ರಲ್ಲಿ ಬೆರೆನ್ಸ್ ತಂಡ ಮೌಸ್‌ಗಳಿಗೆ ಎರಡು ದಿನ ಕೆಟಮೈನ್ (ಪಿಸಿಪಿ ತರಹದ್ದೇ ಅರಿವಳಿಕೆ ಮದ್ದು) ಕೊಟ್ಟಾಗಲೂ ಪಿವಿ ಮತ್ತು ಜಿಎಡಿ67 (ಗಾಬಾ ತಯಾರಿಸುವ ಕಿಣ್ವ) ಎರಡೂ ಕುಸಿದವು. ಕೋಶಕ್ಕೆ ಹಾನಿ ಮಾಡುವ ಆಮ್ಲಜನಕ ಕಣಗಳನ್ನು ಹುಟ್ಟಿಸುವ ಎನ್‌ಎಡಿಪಿಎಚ್ ಆಕ್ಸಿಡೇಸ್ ಕಿಣ್ವವನ್ನು ತಡೆದರೆ ಆ ಕುಸಿತ ಆಗಲಿಲ್ಲ. ರೋಗಿಗಳ ಮರಣೋತ್ತರ ಮಿದುಳಿನಲ್ಲೂ ಹೆಚ್ಚುಕಮ್ಮಿ ಇದೇ ಕತೆ: ಪ್ರತಿ ಕೋಶದ ಪಿವಿ ಎಂಆರ್‌ಎನ್‌ಎ ಕಡಿಮೆ, ಕೋಶಗಳ ದಟ್ಟಣೆ ಮಾತ್ರ ಹಾಗೇ.

ಅದೇ ಮಿದುಳಿನ ಸ್ಲೈಸ್‌ಗೆ ಡಬ್ಲ್ಯುಎಫ್‌ಎ ಲೆಕ್ಟಿನ್ ಕೂಡ ಹಾಕಿ, ಅದು ಪಿವಿ ಕೋಶಗಳ ಸುತ್ತ ಇರುವ ಪ್ರೋಟೀನ್-ಸಕ್ಕರೆ ಬಲೆಗೆ ಅಂಟುತ್ತದೆ. ಸುತ್ತಲಿನ ಬಲೆ ಹೊಳೆಯುತ್ತಿದ್ದು ಒಳಗೆ ಪಿವಿ ಇಲ್ಲದಿದ್ದರೆ ಕೋಶ ಅಲ್ಲೇ ಇದೆ ಅಂತ ಅರ್ಥ. ಬಲೆಯೂ ಕಾಣದಿದ್ದರೆ ಸತ್ತಿದೆ ಅನ್ನಬೇಡಿ, ಬಲೆಯೂ ಸವೆಯುತ್ತದೆ. ಎರಡೂ ಗುಂಪಿನ ಸ್ಲೈಸ್‌ಗಳಿಗೆ ಒಂದೇ ದಿನ, ಒಂದೇ ಬ್ಯಾಚ್‌ನಲ್ಲಿ ಬಣ್ಣ ಹಾಕಿ. ಬೇರೆ ಬೇರೆ ದಿನ ಮಾಡಿದ ಎಣಿಕೆಯನ್ನು ನಂಬುವುದು ಕಷ್ಟ.

ಉತ್ತರ 2
24 ಗಂಟೆಯೇ ಎಡವಟ್ಟು. 3 ನಿಮಿಷ ನೋಡಿದ್ದನ್ನು ಸಲೈನ್ ರ್ಯಾಟ್‌ಗಳೂ ಮರೆತಿರುತ್ತವೆ. ಕಂಟ್ರೋಲ್ ಗುಂಪೇ ಫೇಲಾದ ಮೇಲೆ ಕೊರತೆ ಎಲ್ಲಿಂದ ಕಾಣಬೇಕು? ಈ ಮಾದರಿಗೆ ರೂಢಿಯಲ್ಲಿರುವುದು 3 ನಿಮಿಷ ತೋರಿಸು, 1 ನಿಮಿಷ ಬಿಡುವು, ಮತ್ತೆ 3 ನಿಮಿಷ. ಆ ಒಂದು ನಿಮಿಷ ಎಲ್ಲ ರ್ಯಾಟ್‌ಗಳನ್ನೂ ಒಂದೇ ರೀತಿ ಎತ್ತಿ ಬೇರೆ ಡಬ್ಬಿಗೆ ಹಾಕಿ. ಎರಡನೇ ಸುತ್ತಿಗೆ ಹೊಸ ವಸ್ತುವಿನ ಪಕ್ಕ ಹಳೇ ವಸ್ತುವನ್ನೇ ಮತ್ತೆ ಇಡಬೇಡಿ, ಅದರ ತದ್ರೂಪಿ ಇಡಿ. ಇಲ್ಲದಿದ್ದರೆ ಇಲಿ ವಾಸನೆ ಹಿಡಿದು ಹೇಳಿಬಿಡುತ್ತದೆ.

ಉತ್ತರ 3
ವರ್ತನೆಗೆ ಕೊಂಡಿ ಬೇಕಾದರೆ ಎಣಿಕೆಯೊಂದೇ ಸಾಲದು. ಪಿವಿ ಕೋಶಗಳು ಪಿರಮಿಡಲ್ ಕೋಶಗಳಿಗೆ (ಕಾರ್ಟೆಕ್ಸ್‌ನ ಮುಖ್ಯ ನರಕೋಶಗಳು) ತಾಳ ಹಾಕುತ್ತವೆ. ಗಾಮಾ ಅಲೆ (ಮಿದುಳಿನ ವೇಗದ ವಿದ್ಯುತ್ ಅಲೆ) ಹುಟ್ಟುವುದೇ ಅದರಿಂದ. 22ಕ್ಯು11 ಡಿಲೀಶನ್ (ಮನುಷ್ಯರಲ್ಲಿ ಸ್ಕಿಜೋಫ್ರೇನಿಯಾ ಅಪಾಯ ಹೆಚ್ಚಿಸುವ ಕ್ರೋಮೋಸೋಮ್ ತುಂಡಿನ ನಷ್ಟ) ಹೋಲುವ ಮೌಸ್‌ಗಳಲ್ಲಿ ಹಿಪ್ಪೋಕ್ಯಾಂಪಸ್ ಮತ್ತು ಪ್ರಿಫ್ರಂಟಲ್ ನಡುವಿನ ಹೊಂದಾಣಿಕೆ ಸಡಿಲವಾಗಿತ್ತು (2010), ಅದು ಹೆಚ್ಚು ಸಡಿಲವಿದ್ದವು ಟಿ-ಮೇಜ್ (ಟಿ ಆಕಾರದ ಹಾದಿಯ ನೆನಪಿನ ಪರೀಕ್ಷೆ) ಕಲಿಯಲು ಹೆಚ್ಚು ದಿನ ತೆಗೆದುಕೊಂಡವು. ಸಾಧ್ಯವಾದರೆ ಎಲೆಕ್ಟ್ರೋಡ್ ಕೂರಿಸಿ ರೆಕಾರ್ಡ್ ಮಾಡಿ. ಆ ಸರ್ಜರಿಗೆ ಮಾತ್ರ ಕೆಟಮೈನ್-ಜೈಲಜೀನ್ ಬೇಡ, ಐಸೊಫ್ಲುರೇನ್ ಬಳಸಿ. ಕೆಟಮೈನ್ ತಡೆಯುವುದೂ ಪಿಸಿಪಿ ತಡೆಯುವ ಎನ್‌ಎಂಡಿಎ ರಿಸೆಪ್ಟರನ್ನೇ (ಗ್ಲುಟಮೇಟ್ ಸಂಕೇತ ಹಿಡಿಯುವ ಪ್ರೋಟೀನ್). ಸಲೈನ್ ಗುಂಪಿಗೂ ಅದರ ಡೋಸ್ ಬಿದ್ದಂತಾಗುತ್ತದೆ.